ಜ್ಯಾ, ಶರ ಮತ್ತು ಕಡಲ ನಡುನೆಲೆ: ಉಡುಪಿ ಸೀಮೆಯ ಕಾಲಗಣನೆಯಲ್ಲಿ ಪಾರ ಹಾಗೂ ಲಂಬಪಲ್ಲಟ

ತುಳುನಾಡಿನ ಆಚರಣೆಗಳನ್ನು ಕುರಿತು ಕಳೆದ ಐದಾರು ದಶಕಗಳಲ್ಲಿ ನಡೆದ ಜಾನಪದ ಅಧ್ಯಯನಗಳು ಬಿಸು, ಪತ್ತನಾಜೆ, ಆಟಿ ಅಮಾವಾಸ್ಯೆ, ಕೆಡ್ಡಸ ಮೊದಲಾದವುಗಳ ನಂಬಿಕೆ, ಹಾಡು, ಅಡುಗೆ, ನಿಷೇಧಗಳನ್ನು ಶ್ರದ್ಧೆಯಿಂದ ದಾಖಲಿಸಿವೆ. ಆದರೆ ಈ ಆಚರಣೆಗಳ ಅಡಿಯಲ್ಲಿರುವ ಅಳತೆಯ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಹೆಚ್ಚಾಗಿ ಗಣಿತದವರಿಗೆ ಬಿಟ್ಟುಕೊಟ್ಟರು. ಗಣಿತದವರು ಅದನ್ನು ಜಾನಪದದವರ ಪಾಲೆಂದು ಬಗೆದು ಸುಮ್ಮನಾದರು. ಹಗಲು ಎಷ್ಟು ಬೆಳೆಯುತ್ತದೆ, ನಡುಹಗಲಿನ ನೆರಳು ಎತ್ತ ಬೀಳುತ್ತದೆ, ಅಮಾವಾಸ್ಯೆಯ ಭರತ ಅಷ್ಟಮಿಯ ಭರತಕ್ಕಿಂತ ಎಷ್ಟು ಮೇಲೇರುತ್ತದೆ ಎಂಬ ಪ್ರಶ್ನೆಗಳು ನಡುವಿನ ಬೇಲಿಯಲ್ಲಿ ಸಿಕ್ಕಿಕೊಂಡಿವೆ. ಉಡುಪಿ, ಕಾಪು, ಕಾರ್ಕಳ, ಮಣಿಪಾಲಗಳ ಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಸೈನ್ ಮತ್ತು ಕೊಸೈನ್ ವಕ್ರರೇಖೆಗಳ ಎರಡು ಗುಣಗಳ ಮೂಲಕ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಆ ಎರಡು ಗುಣಗಳಲ್ಲಿ ಮೊದಲನೆಯದು ಪಾರ, ಎರಡನೆಯದು ಲಂಬಪಲ್ಲಟ. ಮಲ್ಪೆಯ ಧಕ್ಕೆಯಲ್ಲಿ ಕಟ್ಟಿಹಾಕಿದ ದೋಣಿಯನ್ನು ನೆನೆಯೋಣ. ಭರತದಲ್ಲಿ ಅದು ಮೇಲೇರುತ್ತದೆ, ಇಳಿತದಲ್ಲಿ ಕೆಳಗಿಳಿಯುತ್ತದೆ. ಈ ಏರಿಳಿತಕ್ಕೆ ಒಂದು ನಡುನೆಲೆಯುಂಟು. ನಡುನೆಲೆಯಿಂದ ದೋಣಿ ಎಷ್ಟು ಮೇಲಕ್ಕೆ ಅಥವಾ ಎಷ್ಟು ಕೆಳಕ್ಕೆ ಹೋಗುತ್ತದೆಯೋ ಅದು ಪಾರ. ಆ ನಡುನೆಲೆಯೇ ನಾವು ಸೊನ್ನೆಯೆಂದು ಗುರುತಿಟ್ಟುಕೊಂಡ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂಬುದು ಲಂಬಪಲ್ಲಟ. ಬರಿಯ ಸೈನ್ ರೇಖೆ ಸೊನ್ನೆಯ ಸುತ್ತ, ಒಂದರಿಂದ ಋಣ ಒಂದರವರೆಗೆ ತೂಗುತ್ತದೆ. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ತೂಗಾಟ ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಅದಕ್ಕೆ ಒಂದು ಸಂಖ್ಯೆಯನ್ನು ಕೂಡಿಸಿದರೆ ರೇಖೆಯ ಆಕಾರ ಕಿಂಚಿತ್ತೂ ಬದಲಾಗದೆ ಇಡಿಯಾಗಿ ಮೇಲಕ್ಕೆ ಸರಿಯುತ್ತದೆ. ಕೊಸೈನಿಗೂ ಇದೇ ಮಾತು. ಅದು ತುತ್ತತುದಿಯಿಂದ ಹೊರಡುವ ಸೈನ್ ಅಷ್ಟೇ. ಗುಣಿಸುವ ಸಂಖ್ಯೆ ಒಂದು, ಕೂಡಿಸುವ ಸಂಖ್ಯೆ ಒಂದು. ಇವೆರಡನ್ನು ಬೇರೆಬೇರೆಯಾಗಿ ಕಾಣಬಲ್ಲವನಿಗೆ ಮುಂದಿನ ವಿವರಗಳೆಲ್ಲ ಸುಲಭಗ್ರಾಹ್ಯ.

ಈ ರೇಖೆಯ ಹೆಸರಿನಲ್ಲಿ ಒಂದು ಪಯಣವಿದೆ. ಭಾರತೀಯ ಜ್ಯೋತಿರ್ಗಣಿತದಲ್ಲಿ ವೃತ್ತದ ಕಂಸವನ್ನು ಬಿಲ್ಲೆಂದೂ ಅದರ ತುದಿಗಳನ್ನು ಕೂಡಿಸುವ ಗೆರೆಯನ್ನು ಜ್ಯಾ, ಅಂದರೆ ಬಿಲ್ಲಿನ ಹೆದೆ, ಎಂದೂ ಕರೆದರು. ಲೆಕ್ಕಕ್ಕೆ ಬೇಕಾದದ್ದು ಅರ್ಧ ಹೆದೆ. ಕ್ರಮೇಣ ಅರ್ಧಜ್ಯಾ ಎಂಬುದೇ ಜ್ಯಾ ಆಯಿತು. ಜ್ಯಾ, ಜೀವಾ ಎಂಬ ರೂಪಗಳು ಅರಬಿ ಲಿಪಿಗೆ ಹೋಗಿ, ಅಲ್ಲಿ ಸ್ವರಚಿಹ್ನೆಗಳಿಲ್ಲದ ಬರವಣಿಗೆಯಲ್ಲಿ ಮಡಿಲು ಎಂಬರ್ಥದ 'ಜೈಬ್' ಪದವಾಗಿ ಓದಲ್ಪಟ್ಟು, 12ನೆಯ ಶತಮಾನದಲ್ಲಿ ಲ್ಯಾಟಿನಿಗೆ 'ಸೈನಸ್' ಎಂದು ಅನುವಾದಗೊಂಡಿತು. ಇಂದು ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿ ಬರೆಯುವ ಸೈನ್ ಎಂಬ ಪದ ನಮ್ಮ ಬಿಲ್ಲಿನ ಹೆದೆಯ ತಪ್ಪೋದು. ಕೊಸೈನ್ ಮಾತ್ರ ಕೋಟಿಜ್ಯಾದ ಅರ್ಥವನ್ನು ಕೆಡಿಸದೆ ಉಳಿಸಿಕೊಂಡಿದೆ: ಉಳಿದ ಕೋನದ ಜ್ಯಾ.

ಕ್ರಿ. ಶ. 499ರ ಕಾಲಮಾನವನ್ನು ಉಲ್ಲೇಖಿಸುವ ಆರ್ಯಭಟೀಯದಲ್ಲಿ 24 ಜ್ಯಾಗಳ ಕೋಷ್ಟಕವಿದೆ. ಅದರಲ್ಲಿ ಕೊಟ್ಟಿರುವುದು ಜ್ಯಾಗಳ ನಡುವಿನ ಅಂತರಗಳು. ಮೊದಲ ಅಂತರ 225, ಕೊನೆಯದು 7. ಆರಂಭದಲ್ಲಿ ದಾಪುಗಾಲು, ತುದಿಯಲ್ಲಿ ಇರುವೆಯ ನಡಿಗೆ. ಎಲ್ಲವನ್ನೂ ಕೂಡಿಸಿದಾಗ ಬರುವ 3438 ತ್ರಿಜ್ಯಾ, ಎಂದರೆ ವೃತ್ತದ ಅರೆವ್ಯಾಸ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇದೇ ಪಾರ. ಈ ಪಾರ ಎಲ್ಲರಿಗೂ ಒಂದೇ ಆಗಿರಲಿಲ್ಲ. ವರಾಹಮಿಹಿರ 120ನ್ನು ಆರಿಸಿಕೊಂಡ, ಬ್ರಹ್ಮಗುಪ್ತ ಕ್ರಿ. ಶ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ 3270ನ್ನೂ ಕ್ರಿ. ಶ. 665ರ ಖಂಡಖಾದ್ಯಕದಲ್ಲಿ 150ನ್ನೂ ಬಳಸಿದ. ಒಬ್ಬನೇ ಗಣಿತಜ್ಞ ಒಂದೇ ರೇಖೆಯನ್ನು ಎರಡು ಗ್ರಂಥಗಳಲ್ಲಿ ಎರಡು ಎತ್ತರಕ್ಕೆ ಬರೆದನೆಂದರೆ, ಪಾರ ಬದಲಾದರೂ ರೇಖೆಯ ಜಾತಿ ಬದಲಾಗದೆಂಬ ಅರಿವು ಆ ಕಾಲಕ್ಕೆ ತೀರ ಸಹಜವಾಗಿತ್ತೆಂದೇ ಅರ್ಥ.

ಲಂಬಪಲ್ಲಟಕ್ಕೂ ಅಲ್ಲಿ ಒಂದು ಚೆಲುವಾದ ಪದವಿತ್ತು: ಶರ. ಹೆದೆಯ ನಡುವಿನಿಂದ ಬಿಲ್ಲಿನ ಬೆನ್ನಿಗೆ ಮುಟ್ಟುವ ಬಾಣ. ಶಾಸ್ತ್ರದಲ್ಲಿ ಇದಕ್ಕೆ ಉತ್ಕ್ರಮಜ್ಯಾ ಎಂದೂ ಹೆಸರು. ತ್ರಿಜ್ಯದಲ್ಲಿ ಕೋಟಿಜ್ಯಾವನ್ನು ಕಳೆದರೆ ಶರ ದೊರೆಯುತ್ತದೆ. ಸೂರ್ಯಸಿದ್ಧಾಂತ ಇದರ ಕೋಷ್ಟಕವನ್ನೂ ಕೊಡುತ್ತದೆ: 7, 29, 66 ಎಂದು ಮೆಲ್ಲನೆ ಆರಂಭವಾಗಿ 3438ಕ್ಕೆ ತಲುಪುತ್ತದೆ. ಕೊಸೈನ್ ರೇಖೆಯನ್ನು ತಲೆಕೆಳಗು ಮಾಡಿ, ಆಮೇಲೆ ಅದನ್ನು ಪಾರದಷ್ಟೇ ಮೇಲಕ್ಕೆತ್ತಿದರೆ ಬರುವುದು ಇದೇ ರೇಖೆ. ಹೀಗೆ ಎತ್ತಿದ್ದರಿಂದ ಅದರ ಅಡಿ ಸೊನ್ನೆಯ ಮೇಲೆ ಕೂರುತ್ತದೆ. ಋಣಸಂಖ್ಯೆ ಎಲ್ಲಿಯೂ ಬರುವುದಿಲ್ಲ. ಈ ಉಪಾಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಕಡಲಿನ ಪ್ರಸಂಗದಲ್ಲಿ ಅದು ಮತ್ತೆ ಎದುರಾಗಲಿದೆ.

ಇಲ್ಲಿ ಮಾಧವನ ಮಾತು ಬಾರದೆ ಇರದು. ಸಂಗಮಗ್ರಾಮದ ಮಾಧವ, ಸುಮಾರು 1340ರಿಂದ 1425ರ ಅವಧಿಯವನು, ಜ್ಯಾ ಮತ್ತು ಕೋಟಿಜ್ಯಾಗಳನ್ನು ಅನಂತ ಶ್ರೇಣಿಗಳಾಗಿ ಬಿಡಿಸಿದವನು. ಅವನ ಪರಂಪರೆಯ ಯುಕ್ತಿಗಳನ್ನು ಜ್ಯೇಷ್ಠದೇವ 1530ರ ಸುಮಾರಿಗೆ ಯುಕ್ತಿಭಾಷಾ ಎಂಬ ಮಲಯಾಳ ಗದ್ಯಗ್ರಂಥದಲ್ಲಿ ವಿವರಿಸಿದ. ಮಾಧವನನ್ನು ಒಂದು ಹಸ್ತಪ್ರತಿಯ ಟಿಪ್ಪಣಿ 'ಎಂಪ್ರಾನ್' ಎಂದು ಕರೆಯುತ್ತದೆ. ಕೇರಳದಲ್ಲಿ ಎಂಬ್ರಾಂತಿರಿ ಎಂಬುದು ತುಳುನಾಡಿನಿಂದ ಹೋಗಿ ನೆಲೆಸಿದ ಬ್ರಾಹ್ಮಣರಿಗೆ ಸಲ್ಲುವ ಹೆಸರು. ಇಷ್ಟರಿಂದಲೇ ಸೈನ್ ಶ್ರೇಣಿಯನ್ನು ತುಳುವರ ಆಸ್ತಿಯೆಂದು ಸಾರುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ನನಗೆ ಅದು ರುಚಿಸುವುದಿಲ್ಲ. ಮಾಧವ ಬರೆದದ್ದು ನಿಳಾ ನದಿಯ ದಕ್ಷಿಣದ ಗುರುಕುಲಗಳ ನಡುವೆ. ಅವನನ್ನು ಓದಿ ಉಳಿಸಿದವರು ಆ ನೆಲದವರು. ಊರಿನ ಹೆಮ್ಮೆಗೆ ಬೇಕಾದ ಸಾಮಗ್ರಿ ಊರಿನಲ್ಲಿಯೇ ಬೇರೆ ಇದೆ.

ಆ ಸಾಮಗ್ರಿ ಉಡುಪಿಯ ಅಕ್ಷಾಂಶ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಅಂಶ 20 ಕಲೆ. ಸೂರ್ಯ ವರ್ಷದಲ್ಲಿ ಒಮ್ಮೆ ಉತ್ತರಕ್ಕೂ ಒಮ್ಮೆ ದಕ್ಷಿಣಕ್ಕೂ 23.44 ಅಂಶಗಳಷ್ಟು ಸರಿಯುತ್ತಾನೆ. ಈ ಸರಿತವನ್ನು ದಿನದಿನಕ್ಕೂ ಗುರುತಿಸಿದರೆ ಬಹುಮಟ್ಟಿಗೆ ಸೈನ್ ರೇಖೆ. ಈಗ ಉಡುಪಿಯಲ್ಲಿ ನಿಂತು ನಡುಹಗಲಿನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಎಷ್ಟು ಅಂಶ ವಾಲಿದ್ದಾನೆಂದು ಅಳೆಯುತ್ತ ಹೋದರೆ ಅದೇ ರೇಖೆ ಕಾಣುತ್ತದೆ, ಆದರೆ ಅದರ ನಡುನೆಲೆ ಸೊನ್ನೆಯಲ್ಲ, 13⅓ ಅಂಶ. ಡಿಸೆಂಬರ್ 22ರ ಸುಮಾರಿಗೆ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 36.8 ಅಂಶ, ಜೂನ್ 21ರ ಸುಮಾರಿಗೆ ನೆತ್ತಿಯನ್ನು ದಾಟಿ ಉತ್ತರಕ್ಕೆ 10.1 ಅಂಶ. ಪಾರ 23.44, ಪಲ್ಲಟ 13⅓. ಪಾರ ಭೂಮಿಯ ಮೇಲಿನ ಎಲ್ಲ ಊರುಗಳಿಗೂ ಸಮಾನ, ಅದು ಭೂಮಿಯ ಅಕ್ಷದ ವಾಲುವಿಕೆ. ಪಲ್ಲಟ ಮಾತ್ರ ಊರಿನ ಸ್ವಂತದ್ದು. ಪಲ್ಲಟವು ಪಾರಕ್ಕಿಂತ ಕಡಿಮೆಯಿರುವುದರಿಂದ ರೇಖೆ ಸೊನ್ನೆಯನ್ನು ಎರಡು ಬಾರಿ ಕತ್ತರಿಸುತ್ತದೆ: ಏಪ್ರಿಲ್ 25ರ ಆಸುಪಾಸಿನಲ್ಲಿ ಒಮ್ಮೆ, ಆಗಸ್ಟ್ 17ರ ಆಸುಪಾಸಿನಲ್ಲಿ ಇನ್ನೊಮ್ಮೆ. ಆ ದಿನಗಳ ನಡುಹಗಲಿನಲ್ಲಿ ನೆಟ್ಟಗೆ ನಿಂತ ಕಂಬಕ್ಕೆ ನೆರಳಿಲ್ಲ. ದೆಹಲಿಯ ಅಕ್ಷಾಂಶ 28.6, ಅಲ್ಲಿ ಪಲ್ಲಟವೇ ಪಾರಕ್ಕಿಂತ ದೊಡ್ಡದು, ರೇಖೆ ಸೊನ್ನೆಯನ್ನು ಮುಟ್ಟುವುದೇ ಇಲ್ಲ, ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ.

ಇದನ್ನು ತುಳು ತಿಂಗಳುಗಳಿಗೆ ಹೊಂದಿಸಿ ನೋಡಿದಾಗ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಬಿಸುವಿನಿಂದ ಆರಂಭವಾಗುವ ಪಗ್ಗು ತಿಂಗಳ ಹತ್ತು ಹನ್ನೆರಡನೆಯ ದಿನಕ್ಕೆ ಸೂರ್ಯ ನೆತ್ತಿಯನ್ನು ಉತ್ತರದತ್ತ ದಾಟುತ್ತಾನೆ. ಬೇಶ, ಕಾರ್ತೆಲ್ ಕಳೆದು ಆಟಿ ಮುಗಿದು ಸೋಣ ಸಂಕ್ರಮಣ ಬರುವ ಹೊತ್ತಿಗೆ ಅವನು ಮರಳಿ ನೆತ್ತಿಗೆ ಬರುತ್ತಾನೆ. ಈ ನಡುವಿನ ಸುಮಾರು ನಾಲ್ಕು ತಿಂಗಳು ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳಬೇಕು. ಆದರೆ ಆಟಿಯ ಮೋಡದ ಮರೆಯಲ್ಲಿ ಆ ತೆಂಕಣ ನೆರಳನ್ನು ಕಂಡವರು ಎಷ್ಟು ಮಂದಿ? ಪತ್ತನಾಜೆಯವರೆಗಿನ ಬಿಸಿಲಿನಲ್ಲಿ, ಪಗ್ಗು–ಬೇಶದ ಕೆಲವೇ ವಾರಗಳಲ್ಲಿ ಮಾತ್ರ ಅದು ಕಣ್ಣಿಗೆ ಬೀಳುವಂಥದು. ಸೋಣ ಸಂಕ್ರಮಣಕ್ಕೂ ನೆತ್ತಿಯ ಸೂರ್ಯನಿಗೂ ಇರುವ ಈ ಹೊಂದಿಕೆಯಲ್ಲಿ ಗೂಢಾರ್ಥವನ್ನು ಹುಡುಕುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು: ಇದು ನಮ್ಮ ಕಾಲದ ಆಕಸ್ಮಿಕ. ನಮ್ಮ ಸೌರ ಸಂಕ್ರಮಣಗಳು ನಕ್ಷತ್ರಗಳಿಗೆ ಅಂಟಿಕೊಂಡಿವೆ, ಋತುಗಳಿಗಲ್ಲ. ವಿಷುವದಿಂದ ಬಂದ ಬಿಸು ಎಂಬ ಹೆಸರು ಹಗಲಿರುಳು ಸಮನಾಗುವ ದಿನವನ್ನು ಸೂಚಿಸುತ್ತದೆ. ಆದರೆ ಆ ದಿನ ಇಂದು ಮಾರ್ಚ್ 20ರ ಸುಮಾರಿಗೆ, ಬಿಸು ಏಪ್ರಿಲ್ 14 ಅಥವಾ 15ಕ್ಕೆ. ಮಕರ ಸಂಕ್ರಾಂತಿಗೂ ಉತ್ತರಾಯಣದ ನಿಜವಾದ ಆರಂಭಕ್ಕೂ ಇದೇ ಇಪ್ಪತ್ತನಾಲ್ಕು ದಿನಗಳ ಆಸುಪಾಸಿನ ಅಂತರ. ರೇಖೆ ಇಲ್ಲಿ ಮೇಲಕ್ಕೋ ಕೆಳಕ್ಕೋ ಹೋದದ್ದಲ್ಲ, ಪಕ್ಕಕ್ಕೆ ಸರಿದದ್ದು. ಈ ಪಕ್ಕದ ಸರಿತವನ್ನು ಲಂಬಪಲ್ಲಟದೊಡನೆ ಬೆರೆಸಬಾರದು.

ಅದೇ ಅಕ್ಷಾಂಶ ಹಗಲಿನ ಉದ್ದದ ಲೆಕ್ಕಕ್ಕೆ ಬಂದಾಗ ತನ್ನ ಪಾತ್ರವನ್ನೇ ಬದಲಿಸಿಕೊಳ್ಳುತ್ತದೆ. ಈ ಭಾಗವನ್ನು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ. ಪಂಚಾಂಗಕಾರರು ಊರಿನ ಅಕ್ಷಾಂಶವನ್ನು ಅಂಶಗಳಲ್ಲಿ ಇಟ್ಟುಕೊಳ್ಳುವುದರ ಬದಲು ಪಲಭಾ ಎಂಬ ಅಳತೆಯಲ್ಲಿ ಇಟ್ಟುಕೊಂಡರು. ಹಗಲಿರುಳು ಸಮನಾದ ದಿನದ ನಡುಹಗಲಿನಲ್ಲಿ ಹನ್ನೆರಡು ಅಂಗುಲದ ಶಂಕು, ಎಂದರೆ ನೆಟ್ಟಗೆ ನಿಲ್ಲಿಸಿದ ಕಡ್ಡಿ, ಬೀರುವ ನೆರಳಿನ ಉದ್ದವೇ ಪಲಭಾ. ಉಡುಪಿಗೆ ಇದು 2.84 ಅಂಗುಲ. ಕಾರ್ಕಳಕ್ಕೂ ಕಾಪುವಿಗೂ ಇದರಲ್ಲಿ ಅಂಗುಲದ ನೂರರಲ್ಲಿ ಎರಡು ಮೂರು ಪಾಲಿನಷ್ಟು ಕಡಿಮೆ. ಕಣ್ಣಿಗೆ ಕಾಣದ ವ್ಯತ್ಯಾಸ. ಈ ಒಂದು ಸಂಖ್ಯೆಯನ್ನು 10ರಿಂದ, 8ರಿಂದ, ಮತ್ತು 10ರ ಮೂರನೆಯ ಒಂದು ಪಾಲಿನಿಂದ ಗುಣಿಸಿದರೆ ಮೂರು ಚರಖಂಡಗಳು ದೊರೆಯುತ್ತವೆ ಎಂಬುದು 1520ರ ಗ್ರಹಲಾಘವವೂ ಹೇಳುವ ಪ್ರಸಿದ್ಧ ಸೂತ್ರ. ಉಡುಪಿಯ ಮಟ್ಟಿಗೆ ಆ ಮೂರು ಖಂಡಗಳು 28.4, 22.7, 9.5 ವಿಘಳಿಗೆಗಳು. ಸಮದಿನದಿಂದ ಸೂರ್ಯ ಒಂದು ರಾಶಿಯಷ್ಟು ದೂರ ನಡೆದಾಗ ಅರೆಹಗಲು ಮೊದಲ ಖಂಡದಷ್ಟು ಬೆಳೆಯುತ್ತದೆ, ಇನ್ನೊಂದು ರಾಶಿಗೆ ಎರಡನೆಯ ಖಂಡ, ಮೂರನೆಯ ರಾಶಿಗೆ ಮೂರನೆಯ ಖಂಡ. ಒಟ್ಟು ಅರವತ್ತು ವಿಘಳಿಗೆ ಮತ್ತು ಕೊಸರು, ಎಂದರೆ ಒಂದು ಘಳಿಗೆ. ಮುಂಜಾನೆ ಒಂದು ಘಳಿಗೆ, ಸಂಜೆ ಒಂದು ಘಳಿಗೆ.

ಆದುದರಿಂದ ಉಡುಪಿಯ ಹಗಲು ಮೂವತ್ತು ಘಳಿಗೆಗಳ ನಡುನೆಲೆಯ ಸುತ್ತ ಎರಡು ಘಳಿಗೆಗಳ ಪಾರದಿಂದ ತೂಗುತ್ತದೆ. ಅತಿ ಚಿಕ್ಕ ಹಗಲು ಇಪ್ಪತ್ತೆಂಟು, ಅತಿ ದೊಡ್ಡದು ಮೂವತ್ತೆರಡು. ಇಷ್ಟು ದುಂಡಗಿನ ಅಂಕಿಗಳು ಒದಗಿರುವುದು ನಮ್ಮ ಅಕ್ಷಾಂಶದ ಭಾಗ್ಯವೆನ್ನಬೇಕು. ದೆಹಲಿಯಲ್ಲಿ ಈ ಪಾರ ನಾಲ್ಕೂವರೆ ಘಳಿಗೆಯನ್ನು ಮೀರುತ್ತದೆ. ಗಮನಿಸಬೇಕಾದದ್ದು ಇದು: ನಡುಹಗಲಿನ ಸೂರ್ಯನ ರೇಖೆಯಲ್ಲಿ ಊರು ಕೂಡಿಸುವ ಸಂಖ್ಯೆಯಾಗಿತ್ತು, ಹಗಲಿನ ಉದ್ದದ ರೇಖೆಯಲ್ಲಿ ಅದು ಗುಣಿಸುವ ಸಂಖ್ಯೆ. ಅಲ್ಲಿ ಪಾರ ಲೋಕದ್ದು, ಪಲ್ಲಟ ಊರಿನದು; ಇಲ್ಲಿ ನಡುನೆಲೆ ಲೋಕದ್ದು, ಪಾರ ಊರಿನದು. 10, 8, 3⅓ ಎಂಬ ಇಳಿಯುವ ಅಂಕಿಗಳಂತೂ ಆರ್ಯಭಟನ 225ರಿಂದ 7ಕ್ಕೆ ಇಳಿಯುವ ಕೋಷ್ಟಕದ ಹತ್ತಿರದ ನೆಂಟರು. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಹಗಲು ಬೇಗಬೇಗ ಬದಲಾಗುವುದೂ ಜೂನ್ ಮತ್ತು ಡಿಸೆಂಬರಿನಲ್ಲಿ ನಿಂತಂತೆ ತೋರುವುದೂ ಇದರಿಂದಲೇ.

ಇಂದಿನ ಗಡಿಯಾರದಲ್ಲಿ ಇಪ್ಪತ್ತೆಂಟು ಘಳಿಗೆ ಎಂದರೆ 11 ಗಂಟೆ 12 ನಿಮಿಷ, ಮೂವತ್ತೆರಡು ಎಂದರೆ 12 ಗಂಟೆ 48 ನಿಮಿಷ. ಆದರೆ ಇಂದಿನ ರೀತಿಯಲ್ಲಿ ಸೂರ್ಯೋದಯ, ಸೂರ್ಯಾಸ್ತಗಳ ಹೊತ್ತು ಲೆಕ್ಕಹಾಕಿದರೆ ಉಡುಪಿಯ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡದು ಸುಮಾರು 12 ಗಂಟೆ 55 ನಿಮಿಷ. ಪಾರ ಹೆಚ್ಚುಕಡಿಮೆ ಅಷ್ಟೇ ಉಳಿದು ಇಡೀ ರೇಖೆ ಏಳೆಂಟು ನಿಮಿಷ ಮೇಲೇರಿದೆ. ಇದಕ್ಕೆ ಕಾರಣ ಎರಡು. ಗಾಳಿಯು ಬೆಳಕನ್ನು ಬಗ್ಗಿಸುವುದರಿಂದ ದಿಗಂತದ ಕೆಳಗಿರುವ ಸೂರ್ಯ ಮೇಲಿದ್ದಂತೆ ಕಾಣುತ್ತಾನೆ. ಇಂದಿನವರು ಸೂರ್ಯಬಿಂಬದ ಮೇಲಂಚನ್ನು ನೋಡಿ ಉದಯಾಸ್ತಗಳನ್ನು ಹೇಳುತ್ತಾರೆ, ಹಳಬರ ಲೆಕ್ಕ ಬಿಂಬದ ನಡುವಿನದು. ನೋಡುವವನು ನಿಂತ ಎತ್ತರದಿಂದಲೂ ಕೊಂಚ ಪಲ್ಲಟವಾಗುತ್ತದೆ. ಕಾಪುವಿನ ಮರಳಿನ ಮೇಲೆ ನಿಂತವನಿಗೆ ಸೂರ್ಯ ಮುಳುಗಿದ ಮೇಲೆ, ಮಣಿಪಾಲದ ಕಡೆಯ ದಿಬ್ಬದಲ್ಲಿ ಕಡಲಮಟ್ಟದಿಂದ ಎಪ್ಪತ್ತು ಮೀಟರ್ ಎತ್ತರದಲ್ಲಿ ನಿಂತವನಿಗೆ ಅವನು ಇನ್ನೂ ಒಂದು ನಿಮಿಷ ಕಾಣುತ್ತಾನೆ.

ಕಾರ್ಕಳದ ಪ್ರಸಂಗವನ್ನು ಚಿಕ್ಕದಾಗಿಯೇ ಹೇಳಬಹುದು. ಅಲ್ಲಿನ 42 ಅಡಿಯ ಬಾಹುಬಲಿಯನ್ನು ವೀರಪಾಂಡ್ಯ ಪ್ರತಿಷ್ಠಾಪಿಸಿದ್ದು ಶಕ 1353ರ ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಎಂದರೆ 1432ರ ಫೆಬ್ರವರಿ 13. ಶಾಸನ ಓದುವವರು ಇಂಥ ಮಿತಿಯನ್ನು ಸರಾಗವಾಗಿ ಓದಿ ಮುಂದೆ ಹೋಗುತ್ತಾರೆ. ಆದರೆ ದ್ವಾದಶಿ ಎಂದು ನಿರ್ಣಯಿಸಲು ಚಂದ್ರ ಸೂರ್ಯನಿಂದ ಎಷ್ಟು ದೂರವಿದ್ದಾನೆಂದು ತಿಳಿಯಬೇಕು. ಅದಕ್ಕೆ ಇಬ್ಬರ ಸರಾಸರಿ ಸ್ಥಾನಗಳಿಗೂ ಮಂದಫಲ ಎಂಬ ತಿದ್ದುಪಡಿ ಸಲ್ಲಬೇಕು. ಸರಾಸರಿ ಸ್ಥಾನ ನಡುನೆಲೆ. ಮಂದಫಲವು ಅದರ ಆಚೀಚೆ ತೂಗುವ ಜ್ಯಾರೇಖೆ, ಪಾರ ಸೂರ್ಯನಿಗೆ ಎರಡು ಅಂಶಕ್ಕೆ ತುಸು ಹೆಚ್ಚು, ಚಂದ್ರನಿಗೆ ಸುಮಾರು ಐದು ಅಂಶ. ಒಂದು ತಿಥಿಯೆಂದರೆ ಹನ್ನೆರಡು ಅಂಶ. ತಿದ್ದುಪಡಿಯನ್ನು ಬಿಟ್ಟರೆ ತಿಥಿ ಅರ್ಧಕ್ಕಿಂತಲೂ ಹೆಚ್ಚು ಹಿಂದುಮುಂದಾಗಬಹುದು. ಕಲ್ಲುಕುಟಿಗನ ಉಳಿಯಷ್ಟೇ ಜ್ಯಾಕೋಷ್ಟಕವೂ ಆ ದಿನದ ಕೆಲಸದಲ್ಲಿ ಇತ್ತೆಂಬುದನ್ನು ನಾವು ಮರೆಯುತ್ತೇವೆ.

ಇನ್ನು ಕಡಲು. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಎದ್ದ ದೀಪಸ್ತಂಭದ ಬುಡದಲ್ಲಿ ಕುಳಿತು ಒಂದು ಹಗಲು ನೋಡಿದವರಿಗೆ ಏರಿಳಿತದ ಲಯ ತಿಳಿಯುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದರೆ ದಿನದ ಎರಡು ಭರತಗಳು ಸಮನಲ್ಲ, ಎರಡು ಇಳಿತಗಳೂ ಸಮನಲ್ಲ. ಹತ್ತಿರದ ನವಮಂಗಳೂರು ಬಂದರಿನ ಅಂಕಿಗಳನ್ನು ತೆಗೆದುಕೊಂಡರೆ ದೊಡ್ಡ ಭರತದ ಸರಾಸರಿ 1.48 ಮೀಟರ್, ಚಿಕ್ಕದರದು 1.26, ಇಳಿತಗಳು 0.69 ಮತ್ತು 0.26, ಕಡಲ ನಡುನೆಲೆ 0.95. ಒಂದೇ ಕೊಸೈನ್ ರೇಖೆಯಿಂದ ಇದನ್ನು ಬರೆಯಲಾಗದು. ಅರ್ಧ ದಿನದ ರೇಖೆಯೊಂದಕ್ಕೆ ಇಡೀ ದಿನದ ರೇಖೆಯೊಂದನ್ನು ಕೂಡಿಸಬೇಕು. ಈ ಅಂಕಿಗಳಲ್ಲಿ ಒಂದೂ ಋಣವಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ನಾವಿಕರ ನಕ್ಷೆಯ ಸೊನ್ನೆಯನ್ನು ಇಳಿತದ ಅತಿ ಕೆಳಮಟ್ಟದ ಹತ್ತಿರ ಇಡುತ್ತಾರೆ, ಹಡಗಿನ ತಳ ನೆಲಕ್ಕೆ ತಾಗಬಾರದೆಂಬ ಎಚ್ಚರದಿಂದ. ರೇಖೆಯನ್ನು ಮೇಲಕ್ಕೆತ್ತಿ ಅದರ ಅಡಿಯನ್ನು ಸೊನ್ನೆಯ ಮೇಲೆ ಕೂರಿಸುವ ಶರದ ಉಪಾಯವೇ ಇದು.

ಕಡಲಿನ ಪಾರ ಸ್ಥಿರವಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಹಿಗ್ಗುತ್ತದೆ, ಅಷ್ಟಮಿಗಳ ಹೊತ್ತಿಗೆ ಕುಗ್ಗುತ್ತದೆ. ಚಂದ್ರನ ರೇಖೆಯೂ ಸೂರ್ಯನ ರೇಖೆಯೂ ಒಮ್ಮೆ ಜೊತೆಗೂಡಿ ಒಮ್ಮೆ ಎದುರುಬದುರಾಗುವುದರ ಫಲ. ಊರಿಂದೂರಿಗೂ ಅದು ಬೇರೆ: ಕೊಚ್ಚಿಯಲ್ಲಿ ಏರಿಳಿತ ಮೀಟರಿನೊಳಗೆ, ನಮ್ಮಲ್ಲಿ ಅದಕ್ಕಿಂತ ತುಸು ಹೆಚ್ಚು, ಭಾವನಗರದ ಕೊಲ್ಲಿಯಲ್ಲಿ ಹತ್ತು ಮೀಟರಿಗೂ ಮಿಕ್ಕಿ. ಕಡಲಿನ ಮಕ್ಕಳಾದ ಮೊಗವೀರರಿಗೆ ತಿಥಿಯೇ ಭರತದ ಪಂಚಾಂಗ. ಕೊಂಕಣ ಕರಾವಳಿಯುದ್ದಕ್ಕೂ ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿ ಭರತದ ಗಂಟೆ ಹೇಳುವ ಬಾಯಿಲೆಕ್ಕವುಂಟು. ತಿಥಿಯೊಂದಕ್ಕೆ ನಲವತ್ತೈದು ನಿಮಿಷ ಎಂದಾಯಿತು. ಹನ್ನೆರಡು ಅಂಶದ ತಿಥಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ನಲವತ್ತೆಂಟು. ಕಾಗದವಿಲ್ಲದ ಲೆಕ್ಕಕ್ಕೆ ಇದು ಸಣ್ಣ ಸಾಧನೆಯಲ್ಲ. ಜನಪದರಿಗೆ ಅಳತೆಯಿರಲಿಲ್ಲ ಎನ್ನುವವರೂ ಎಲ್ಲವೂ ಮೊದಲೇ ತಿಳಿದಿತ್ತು ಎನ್ನುವವರೂ ಇಂಥ ಮೂರು ನಿಮಿಷದ ಅಂತರವನ್ನು ನೋಡುವ ಗೋಜಿಗೆ ಹೋಗುವುದಿಲ್ಲ.

ವಸಾಹತು ಕಾಲದಲ್ಲಿ ಇದೇ ಜ್ಯಾರೇಖೆ ಬೇರೊಂದು ದಾರಿಯಿಂದ ಕರಾವಳಿಗೆ ಮರಳಿತು. ಭರತವನ್ನು ಹಲವು ಕೊಸೈನ್ ರೇಖೆಗಳ ಮೊತ್ತವಾಗಿ ಬಿಡಿಸುವ ವಿಧಾನವನ್ನು ವಿಲಿಯಂ ಥಾಮ್ಸನ್ 1860ರ ದಶಕದ ಕೊನೆಯಲ್ಲಿ ರೂಪಿಸಿದರು. ಭಾರತದ ಬಂದರುಗಳಿಗಾಗಿ ಎಡ್ವರ್ಡ್ ರಾಬರ್ಟ್ಸ್ ವಿನ್ಯಾಸಗೊಳಿಸಿದ, ರಾಟೆಗಳನ್ನು ತಿರುಗಿಸಿ ಆ ಮೊತ್ತವನ್ನು ಕಾಗದದ ಮೇಲೆ ಗೀಚುವ ಯಂತ್ರ 1879ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಯಿತು. ಒಂದೊಂದು ರಾಟೆಯ ತೋಳಿನ ಉದ್ದವೇ ಒಂದೊಂದು ಪಾರ. ನಡುನೆಲೆಯ ಕೆಲಸ ಸರ್ವೇ ಇಲಾಖೆಯದು. 1858ರಿಂದ 1909ರವರೆಗೆ ನಡೆದ ದೇಶದ ಮೊದಲ ಮಟ್ಟಗಳ ಜಾಲವನ್ನು ಒಂಬತ್ತು ಭರತಮಾಪನ ಕೇಂದ್ರಗಳಿಗೆ ಕಟ್ಟಲಾಯಿತು. ನಮ್ಮ ಕಡೆಯವು ಕಾರವಾರ ಮತ್ತು ಬೇಪೂರು. ಉಡುಪಿಯ ರೈಲುನಿಲ್ದಾಣದ ಫಲಕದಲ್ಲಿ ಕಡಲಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುವುದನ್ನು ನೋಡಿದಾಗ, ಆ ಕಡಲಮಟ್ಟವೆಂಬುದು ಕಣ್ಣಿಗೆ ಕಾಣುವ ನೀರಲ್ಲ, ವರ್ಷಗಟ್ಟಲೆ ಅಳೆದು ತೆಗೆದ ನಡುನೆಲೆ ಎಂಬುದು ನೆನಪಾಗಬೇಕು.

ಆ ನಡುನೆಲೆಯೂ ವರ್ಷದೊಳಗೆ ಏರಿಳಿಯುತ್ತದೆ. ಮಳೆಗಾಲದಲ್ಲಿ ಅಬ್ಬರಿಸುವ ಕಡಲು ಮೇಲೇರಿದೆ ಎಂದೇ ದಡದಲ್ಲಿ ನಿಂತವರಿಗೆ ತೋರುತ್ತದೆ. ವಾಸ್ತವದಲ್ಲಿ ಪಶ್ಚಿಮ ಕರಾವಳಿಯ ದಕ್ಷಿಣ ಭಾಗದಲ್ಲಿ ನಡುನೆಲೆ ಅತ್ಯಂತ ಕೆಳಗಿರುವುದು ಮಳೆಗಾಲದ ಕೊನೆಯಲ್ಲಿ, ಆಗಸ್ಟ್–ಸೆಪ್ಟೆಂಬರಿನಲ್ಲಿ. ಅತ್ಯಂತ ಮೇಲಿರುವುದು ಚಳಿಗಾಲದಲ್ಲಿ. ವ್ಯತ್ಯಾಸ ಹದಿನೈದು ಇಪ್ಪತ್ತು ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ಮಳೆಗಾಲದಲ್ಲಿ ಕರಾವಳಿಯ ಪ್ರವಾಹ ದಕ್ಷಿಣಕ್ಕೆ ಹರಿದು ದಡದ ನೀರು ತಗ್ಗುತ್ತದೆ, ಆಳದ ತಣ್ಣೀರು ಮೇಲೆ ಬರುತ್ತದೆ; ಚಳಿಗಾಲದಲ್ಲಿ ಪ್ರವಾಹ ಉತ್ತರಕ್ಕೆ ತಿರುಗಿ ನೀರು ದಡಕ್ಕೆ ಒತ್ತುತ್ತದೆ. ಅಬ್ಬರ ಅಲೆಗಳದು, ನೆಲೆಯ ಮಾತೇ ಬೇರೆ.

ಗೇಣುದ್ದದ ಈ ಏರಿಕೆಗೆ ಹೊಲಗದ್ದೆಗಳಲ್ಲಿ ಬೆಲೆಯಿದೆ. ಸೀತಾ, ಸ್ವರ್ಣಾ, ಉದ್ಯಾವರ ಹೊಳೆಗಳ ಕೆಳಪಾತ್ರದಲ್ಲಿ ಭರತ ಹಲವು ಕಿಲೋಮೀಟರು ಒಳಗೆ ಬರುತ್ತದೆ. ಎಣೇಲು ಬೆಳೆಯ ಹೊತ್ತಿಗೆ ಮಳೆನೀರಿನ ರಭಸ ಉಪ್ಪನ್ನು ಹಿಂದಕ್ಕೆ ತಳ್ಳಿರುತ್ತದೆ. ಸುಗ್ಗಿ, ಕೊಳಕೆ ಬೆಳೆಗಳ ಹೊತ್ತಿಗೆ ಹೊಳೆ ಬಡವಾಗಿರುತ್ತದೆ, ಅದೇ ಸಮಯಕ್ಕೆ ಕಡಲ ನಡುನೆಲೆ ಮೇಲೇರಿರುತ್ತದೆ, ಅದರ ಮೇಲೆ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಪಾರ. ಮಳೆ ನಿಂತೊಡನೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುವುದು ಸಿಹಿನೀರನ್ನು ಹಿಡಿದಿಡಲು ಎಷ್ಟೋ ಉಪ್ಪುನೀರನ್ನು ತಡೆಯಲೂ ಅಷ್ಟೇ. ಹಲಗೆ, ಗದ್ದೆಯ ಕಟ್ಟ, ಬಾವಿಯ ದಂಡೆ ಇವುಗಳ ಎತ್ತರವನ್ನು ಹಿರಿಯರು ನಿರ್ಧರಿಸಿದ್ದು ಕಂಡುಂಡ ಅತಿ ದೊಡ್ಡ ಭರತವನ್ನು ನೋಡಿ. ಎಂದರೆ ನಡುನೆಲೆ ಮತ್ತು ಪಾರಗಳ ಮೊತ್ತವನ್ನು ನೋಡಿ. ನಡುನೆಲೆ ತಲೆಮಾರಿನಿಂದ ತಲೆಮಾರಿಗೆ ಅಲ್ಲಿಯೇ ಉಳಿದಿದ್ದಾಗ ಮೊತ್ತವೊಂದನ್ನು ತಿಳಿದರೆ ಸಾಕಾಗಿತ್ತು.

ಈಗ ಉಳಿಯುತ್ತಿಲ್ಲ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ಹವಾಮಾನ ಮೌಲ್ಯಮಾಪನದ ಪ್ರಕಾರ ಉತ್ತರ ಹಿಂದೂ ಮಹಾಸಾಗರದ ಮಟ್ಟ 1874ರಿಂದ 2004ರವರೆಗೆ ವರ್ಷಕ್ಕೆ 1.06ರಿಂದ 1.75 ಮಿಲಿಮೀಟರಿನಂತೆ ಏರಿತು. 1993ರಿಂದ 2017ರವರೆಗಿನ ಕಾಲು ಶತಮಾನದಲ್ಲಿ ಆ ವೇಗ 3.3 ಮಿಲಿಮೀಟರಿಗೆ ತಲುಪಿತು. ವರ್ಷಕ್ಕೆ ಮೂರು ಮಿಲಿಮೀಟರೆಂದರೆ ಒಂದು ತಲೆಮಾರಿಗೆ ಎಂಟು ಹತ್ತು ಸೆಂಟಿಮೀಟರು. ಎರಡು ತಲೆಮಾರಿಗೆ ಮಳೆಗಾಲ–ಚಳಿಗಾಲಗಳ ಆ ಗೇಣಿನಷ್ಟೇ ಇನ್ನೊಂದು. ಪಾರ ಹಿಂದಿನಂತೆಯೇ ಇದೆ, ಚಂದ್ರ ಹಿಂದಿನ ಚಂದ್ರನೇ, ಮುಕ್ಕಾಲಿನ ಬಾಯಿಲೆಕ್ಕ ಈಗಲೂ ಭರತದ ಹೊತ್ತನ್ನು ಸರಿಯಾಗಿಯೇ ಹೇಳುತ್ತದೆ. ಭರತದ ಎತ್ತರವನ್ನು ಮಾತ್ರ ಅದು ಹೇಳಲಾರದು. ಕಡಲ್ಕೊರೆತ, ಬಾವಿಯ ಉಪ್ಪು ಮೊದಲಾದವನ್ನು ಕುರಿತು ನಮ್ಮ ಕ್ಷೇತ್ರಕಾರ್ಯದಲ್ಲಿ ಹಿರಿಯರು ಹೇಳುವ ಮಾತುಗಳನ್ನು ದಾಖಲಿಸುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕೆಂದು ನನ್ನ ಸೂಚನೆ: ದೊಡ್ಡ ಭರತದ ದಿನ ನೀರು ಎಲ್ಲಿಯವರೆಗೆ ಬರುತ್ತಿತ್ತು ಎಂಬುದು ಒಂದು, ಅಷ್ಟಮಿಯ ಇಳಿತದಲ್ಲಿ ಯಾವ ಬಂಡೆ, ಯಾವ ಮೆಟ್ಟಿಲು, ಯಾವ ಕಂಬದ ಬುಡ ಬರಿದಾಗುತ್ತಿತ್ತು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಅಷ್ಟಮಿಯ ಇಳಿತವನ್ನು ಬಲ್ಲವರು, ಚಿಪ್ಪು ಹೆಕ್ಕಲು ಹೊಳೆಬಾಯಿಗೆ ಇಳಿಯುತ್ತಿದ್ದ ಹೆಂಗಸರು, ಇನ್ನೂ ಹಲವರು ನಮ್ಮ ನಡುವೆ ಇದ್ದಾರೆ.